ವರ್ಷದ ಲೆಕ್ಕದಿಂದ ತಿಂಗಳ ಬಜೆಟ್: ಮನೆಖರ್ಚಿನ ಸಮಗ್ರ ಮಾರ್ಗದರ್ಶಿ

ಯುಗಾದಿ ಮುಗಿಸಿ ಉತ್ಸಾಹದಿಂದ ಬರೆದ ಮನೆ ಬಜೆಟ್ ಎಷ್ಟೋ ಕಡೆ ಜೂನ್ ಹೊತ್ತಿಗೆ ನಿಂತುಹೋಗುತ್ತದೆ. ಹಾಲು, ತರಕಾರಿ, ಪೆಟ್ರೋಲಿನ ಅಂದಾಜು ತಪ್ಪಿ ಹಾಗಾಗುವುದು ಕಡಿಮೆ. ಅಲ್ಲಿ ತಪ್ಪಿದರೂ ಇನ್ನೂರು ಮುನ್ನೂರು ರೂಪಾಯಿ ಆಚೀಚೆ ಆಗುತ್ತದೆ, ಅಷ್ಟೆ. ಬಜೆಟ್ಟನ್ನು ಮಗುಚುವುದು ವರ್ಷಕ್ಕೊಂದು ಎರಡು ಸಲ ಬರುವ ದೊಡ್ಡ ಖರ್ಚುಗಳು: ಶಾಲೆಯ ಫೀ, ವಿಮೆಯ ಕಂತು, ದೀಪಾವಳಿಯ ಬಟ್ಟೆಬರೆ, ಮೇ ತಿಂಗಳಲ್ಲಿ ಸಾಲಾಗಿ ಬರುವ ಮದುವೆಗಳ ಮುಯ್ಯಿ. ಇವೆಲ್ಲ ಬಂದೇ ಬರುತ್ತವೆಂದು ಮನೆಯವರಿಗೆಲ್ಲ ಗೊತ್ತು. ಆದರೂ ಬಂದಾಗ ‘ಈ ತಿಂಗಳು ಯಾಕೋ ಖರ್ಚು ಜಾಸ್ತಿ’ ಎಂದುಕೊಂಡು ಕ್ರೆಡಿಟ್ ಕಾರ್ಡ್ ಉಜ್ಜುವುದೋ ಕೈಗಡ ತರುವುದೋ ನಡೆಯುತ್ತದೆ. ಮುಂದಿನ ಮೂರು ತಿಂಗಳು ಅದನ್ನು ತೀರಿಸುವುದರಲ್ಲೇ ಹೋಗುತ್ತದೆ.

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಮೊದಲು ವರ್ಷದ ಖರ್ಚು, ಆಮೇಲೆ ತಿಂಗಳದ್ದು, ಕೊನೆಗೆ ವಾರದ್ದು. ಉದ್ದಕ್ಕೂ ಒಂದೇ ಮನೆಯ ಉದಾಹರಣೆ ಇಟ್ಟುಕೊಳ್ಳೋಣ. ಶಿವಮೊಗ್ಗದಲ್ಲಿ ಬಾಡಿಗೆ ಮನೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ಗಂಡನ ತಂದೆ. ಗಂಡನಿಗೆ ಕೈಗೆ ಬರುವ ಸಂಬಳ 46,000 ರೂಪಾಯಿ. ಹೆಂಡತಿ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿದು ತಿಂಗಳಿಗೆ 3,000ದಿಂದ 9,000ದವರೆಗೆ ದುಡಿಯುತ್ತಾರೆ. ಮನೆ ಕಲ್ಪನೆಯದು, ಅಂಕಿಗಳ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಹಂತ 1: ಹಿಂದಿನ ಹನ್ನೆರಡು ತಿಂಗಳು ಏನಾಯಿತು?

‘ಒಂದು ತಿಂಗಳು ಪ್ರತಿ ರೂಪಾಯಿ ಬರೆದಿಡಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದರ ತೊಂದರೆ ಏನೆಂದರೆ, ನೀವು ಬರೆದ ತಿಂಗಳು ಆಗಸ್ಟ್ ಆಗಿದ್ದರೆ ಜೂನ್ ಕಾಣುವುದೇ ಇಲ್ಲ. ಬದಲಿಗೆ ಬ್ಯಾಂಕಿನ ಆ್ಯಪ್ ಅಥವಾ ನೆಟ್‌ಬ್ಯಾಂಕಿಂಗ್‌ನಿಂದ 12 ತಿಂಗಳ ಸ್ಟೇಟ್‌ಮೆಂಟ್ ಎಕ್ಸೆಲ್ ರೂಪದಲ್ಲಿ ಇಳಿಸಿಕೊಳ್ಳಿ. ಖರ್ಚಿನ ಕಾಲಮ್ಮನ್ನು ದೊಡ್ಡ ಮೊತ್ತದಿಂದ ಚಿಕ್ಕದಕ್ಕೆ ಜೋಡಿಸಿ. 2,000 ರೂಪಾಯಿಗಿಂತ ಮೇಲಿನ ಸಾಲುಗಳನ್ನು ಮಾತ್ರ ನೋಡಿ. ಬಾಡಿಗೆ, ಸಾಲದ ಕಂತಿನಂತೆ ಪ್ರತಿ ತಿಂಗಳೂ ಬರುವುದನ್ನು ತೆಗೆದರೆ ಉಳಿಯುವುದೇ ನಿಮ್ಮ ‘ವರ್ಷದ ಪಟ್ಟಿ’. ಎಕ್ಸೆಲ್ ಬಾರದವರು ಪಾಸ್‌ಬುಕ್ ಎಂಟ್ರಿ ಮಾಡಿಸಿ ಹೈಲೈಟರ್‌ನಲ್ಲಿ ಗುರುತು ಹಾಕಿದರೂ ಸಾಕು.

ಎರಡು ಕಡೆ ಲೆಕ್ಕ ಜಾರುತ್ತದೆ. ಒಂದು, ಎಟಿಎಂನಿಂದ ತೆಗೆದ ನಗದು: 5,000 ತೆಗೆದದ್ದು ಕಾಣುತ್ತದೆ, ಎಲ್ಲಿಗೆ ಹೋಯಿತೆಂದು ಕಾಣುವುದಿಲ್ಲ. ಆ ತಾರೀಕಿನ ಆಸುಪಾಸು ಮದುವೆ, ಜಾತ್ರೆ, ಆಸ್ಪತ್ರೆ ಏನಿತ್ತೆಂದು ಮನೆಯವರನ್ನೆಲ್ಲ ಕೇಳಿದರೆ ಬಹುಪಾಲು ನೆನಪಾಗುತ್ತದೆ. ಎರಡು, ಯುಪಿಐ ಪಾವತಿಯಲ್ಲಿ ಅಂಗಡಿಯ ಹೆಸರಿನ ಬದಲು ಮಾಲೀಕರ ಹೆಸರು ಬಂದಿರುತ್ತದೆ. ದಿನಸಿ ಅಂಗಡಿಯೋ ಮೆಡಿಕಲ್ಲೋ ಗೊತ್ತಾಗುವುದಿಲ್ಲ. ಚಿಕ್ಕ ಮೊತ್ತಗಳಾದರೆ ತಲೆ ಕೆಡಿಸಿಕೊಳ್ಳಬೇಡಿ, ಅವನ್ನು ಹಿಡಿಯುವ ದಾರಿ ಬೇರೆ ಇದೆ.

ಹಂತ 2: ಆದಾಯದಲ್ಲಿ ಕಡಿಮೆಯದ್ದನ್ನೇ ಹಿಡಿಯಿರಿ

ಲೆಕ್ಕಕ್ಕೆ ಬೇಕಾದದ್ದು ಪಿಎಫ್, ವೃತ್ತಿ ತೆರಿಗೆ, ಆದಾಯ ತೆರಿಗೆ ಎಲ್ಲ ಕಳೆದು ಖಾತೆಗೆ ಬೀಳುವ ಮೊತ್ತ. ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200. 2025ರ ತಿದ್ದುಪಡಿಯಿಂದ ಫೆಬ್ರವರಿಯಲ್ಲಿ ಮಾತ್ರ 300. ಇದು ಸಣ್ಣ ವ್ಯತ್ಯಾಸ. ಆದರೆ ಜನವರಿ-ಮಾರ್ಚ್‌ನಲ್ಲಿ ಕಂಪನಿ ಆದಾಯ ತೆರಿಗೆ ಹಿಡಿಯಲು ಶುರು ಮಾಡಿದರೆ ಸಂಬಳ ಸಾವಿರಗಟ್ಟಲೆ ಇಳಿಯಬಹುದು. ಹಿಂದಿನ ವರ್ಷದ ಅದೇ ತಿಂಗಳುಗಳ ಸ್ಯಾಲರಿ ಸ್ಲಿಪ್ ನೋಡಿಕೊಳ್ಳಿ.

ಏರುಪೇರಾಗುವ ಆದಾಯಕ್ಕೆ ಸರಾಸರಿ ಹಿಡಿಯುವುದು ತಪ್ಪು. ಹೊಲಿಗೆಯ ಸರಾಸರಿ 5,500 ಎಂದು ಬರೆದುಕೊಂಡರೆ ಆಷಾಢದಲ್ಲಿ 3,000 ಬಂದಾಗ ಬಜೆಟ್ 2,500ರಷ್ಟು ಹರಿದಿರುತ್ತದೆ. ಅತಿ ಕಡಿಮೆ ಬಂದ ತಿಂಗಳ ಮೊತ್ತವನ್ನೇ ಆದಾಯವೆಂದು ಬರೆಯಿರಿ. ಮೇಲೆ ಬಂದದ್ದು ಬಂದ ದಿನವೇ ವರ್ಷದ ಖಾತೆಗೆ, ಅಂದರೆ ವರ್ಷದ ಪಟ್ಟಿಯ ಖರ್ಚಿಗೆಂದೇ ಬೇರೆ ಇಡುವ ಖಾತೆಗೆ, ಹೋಗಬೇಕು. ಹಾಗಾಗಿ ನಮ್ಮ ಉದಾಹರಣೆಯ ಮನೆಯ ಆದಾಯ 46,000 + 3,000 = 49,000.

ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿರುವ ಮನೆಗಳು ಅದನ್ನು ತಿಂಗಳ ಆದಾಯಕ್ಕೆ ಸೇರಿಸದಿದ್ದರೆ ಒಳ್ಳೆಯದು. ತಡವಾಗಿ, ಕೆಲವೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ ಬೀಳುವುದುಂಟು. ಅದನ್ನು ನಂಬಿ ಗ್ಯಾಸ್ ಬುಕ್ ಮಾಡುವಂತಾದರೆ ಕಷ್ಟ. ಬಂದಾಗ ಆಪತ್ಕಾಲದ ಹಣಕ್ಕೆ ಸೇರಿಸಿ.

ಅಡಿಕೆ, ಕಾಫಿ, ಭತ್ತದ ದುಡ್ಡಿನಲ್ಲಿ ಬದುಕುವ ಮನೆಗೆ ತಿಂಗಳ ಸಂಬಳವೇ ಇಲ್ಲವಲ್ಲ. ಅಲ್ಲಿ ಮಂಡಿಯಿಂದ ಬಂದ ಹಣದಲ್ಲಿ ಗೊಬ್ಬರ, ಕೂಲಿ, ಔಷಧಿ ಸಿಂಪಡಣೆಯ ಪಾಲನ್ನು ಮೊದಲು ಬೇರೆ ಖಾತೆಗೆ ಹಾಕಿ. ಮುಂದಿನ ಬೆಳೆಯ ಹಣ ಬರುವವರೆಗಿನ ತಿಂಗಳುಗಳಿಗೆ ಒಂದು ತಿಂಗಳು ಹೆಚ್ಚಿಗೆ ಸೇರಿಸಿಕೊಂಡು, ಉಳಿದ ಹಣವನ್ನು ಅಷ್ಟರಿಂದ ಭಾಗಿಸಿ, ಬಂದ ಮೊತ್ತವನ್ನು ಪ್ರತಿ 1ನೇ ತಾರೀಕು ಮನೆಖರ್ಚಿನ ಖಾತೆಗೆ ಸಂಬಳದಂತೆ ವರ್ಗಾಯಿಸಿ. ಮುಂದಿನ ಹಂತಗಳೆಲ್ಲ ಸಂಬಳದವರಿಗೂ ಇವರಿಗೂ ಒಂದೇ.

ಹಂತ 3: ವರ್ಷದ ಪಟ್ಟಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ನಮ್ಮ ಮನೆಯ ಪಟ್ಟಿ ಹೀಗಿದೆ:

- ಇಬ್ಬರ ಶಾಲೆ ಫೀ, ಜೂನ್ ಮತ್ತು ನವೆಂಬರ್, ಎರಡು ಕಂತು: 52,000
- ಪುಸ್ತಕ, ಸಮವಸ್ತ್ರ, ಶೂ, ಬ್ಯಾಗ್, ಜೂನ್: 11,000
- ನಾಲ್ವರ ಆರೋಗ್ಯ ವಿಮೆ, ಸೆಪ್ಟೆಂಬರ್: 19,000
- ಟರ್ಮ್ ವಿಮೆ, ಜನವರಿ: 11,500
- ಬೈಕಿನ ವಿಮೆ ಮತ್ತು ಸರ್ವಿಸ್, ಫೆಬ್ರವರಿ: 6,500
- ಹಬ್ಬಗಳು (ಯುಗಾದಿ 4,000, ಗೌರಿ-ಗಣೇಶ 5,000, ದೀಪಾವಳಿ 9,000): 18,000
- ಮುಯ್ಯಿ, ಮದುವೆ, ಗೃಹಪ್ರವೇಶ, ನಾಮಕರಣ: 12,000
- ಊರಿಗೆ ಹೋಗಿಬರುವುದು, ಜಾತ್ರೆ: 8,000
- ಮಿಕ್ಸಿ, ಮೊಬೈಲ್, ನಲ್ಲಿ ರಿಪೇರಿ: 6,000

ಒಟ್ಟು 1,44,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 12,000. ಅಂದರೆ 49,000ದ ಆದಾಯದಲ್ಲಿ ಸುಮಾರು ಕಾಲು ಭಾಗ ಈ ತಿಂಗಳದ್ದೇ ಅಲ್ಲ, ಮುಂದೆ ಬರಲಿರುವ ಖರ್ಚಿನದ್ದು. ‘49,000 ಬಂದರೂ ಯಾಕೆ ಸಾಲುವುದಿಲ್ಲ’ ಎಂಬ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರ ಇದೇ.

ಪಟ್ಟಿ ಬರೆಯುವಾಗ ಕೆಲವು ವಿಷಯ ಗಮನದಲ್ಲಿರಲಿ. ವ್ಯಕ್ತಿಗತ ಆರೋಗ್ಯ ವಿಮೆ ಮತ್ತು ಜೀವ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ಹಳೆಯ ರಸೀದಿಯ ಮೊತ್ತವನ್ನೇ ಬರೆದುಕೊಳ್ಳಬೇಡಿ. ಸ್ವಂತ ಮನೆಯಿದ್ದರೆ ಆಸ್ತಿ ತೆರಿಗೆ ಸೇರಿಸಿ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ ಶೇ 5ರ ರಿಯಾಯಿತಿ ಇರುವುದರಿಂದ ಅದನ್ನು ಏಪ್ರಿಲ್‌ಗೇ ಬರೆಯಿರಿ. ಬಾಡಿಗೆ ಮನೆಯವರು 11 ತಿಂಗಳ ಕರಾರು ಮುಗಿಯುವ ತಿಂಗಳಿಂದ ಬಾಡಿಗೆ ಏರಿಕೆಯನ್ನೂ ಲೆಕ್ಕ ಹಿಡಿಯಬೇಕು. ಮುಯ್ಯಿಯ ವಿಚಾರದಲ್ಲಿ ‘ಈ ವರ್ಷ ಅಷ್ಟೇನೂ ಮದುವೆ ಇಲ್ಲ’ ಎಂಬ ಮಾತನ್ನು ನಂಬಬೇಡಿ. ನಿಮ್ಮ ಮನೆಯ ಕಾರ್ಯಕ್ಕೆ ಯಾರು ಎಷ್ಟು ಮುಯ್ಯಿ ಮಾಡಿದ್ದರೆಂಬ ಪುಸ್ತಕ ಇದ್ದೇ ಇರುತ್ತದೆ. ಅದನ್ನು ತೆಗೆದು, ಅವರಲ್ಲಿ ಯಾರ ಮನೆಯಲ್ಲಿ ಮದುವೆ ವಯಸ್ಸಿನವರಿದ್ದಾರೆಂದು ನೋಡಿದರೆ ಅಂದಾಜು ಸಿಕ್ಕೀತು.

ಮೊದಲ ವರ್ಷದ ಹಳ್ಳ

ಲೆಕ್ಕ ಸರಿಯಿದ್ದರೂ ಮೊದಲ ವರ್ಷ ಹಣ ಸಾಲುವುದಿಲ್ಲ. ಕಾರಣ ಸರಳ. ಏಪ್ರಿಲ್‌ನಲ್ಲಿ ಶುರು ಮಾಡಿದರೆ ಜೂನ್ ಆರಂಭಕ್ಕೆ ಖಾತೆಯಲ್ಲಿ ಮೂರು ಕಂತು, 36,000 ಇರುತ್ತದೆ. ಅಷ್ಟರಲ್ಲಿ ಏಪ್ರಿಲ್-ಮೇ ಮದುವೆಗಳಿಗೆ 7,000, ರಜೆಯಲ್ಲಿ ಊರಿಗೆ 4,000, ಜೂನ್‌ನ ಫೀಗೆ 26,000, ಪುಸ್ತಕ-ಸಮವಸ್ತ್ರಕ್ಕೆ 11,000. ಒಟ್ಟು 48,000. ಕೊರತೆ 12,000.

ಇಲ್ಲಿಯೇ ಬಹಳ ಜನ ‘ಇದು ನಮಗಾಗುವ ಕೆಲಸ ಅಲ್ಲ’ ಎಂದು ಬಿಟ್ಟುಬಿಡುತ್ತಾರೆ. ಬಿಡಬೇಕಿಲ್ಲ, ಕೊರತೆ ಎಷ್ಟು, ಯಾವ ತಿಂಗಳು ಎಂದು ಏಪ್ರಿಲ್‌ನಲ್ಲೇ ಗೊತ್ತಾದದ್ದೇ ಲಾಭ. ನಮ್ಮ ಮನೆಯಲ್ಲಿ ಮದುವೆ ಸೀಸನ್ ಖರ್ಚನ್ನೂ ತರುತ್ತದೆ, ಹೊಲಿಗೆಯ ಕೆಲಸವನ್ನೂ ತರುತ್ತದೆ. ಏಪ್ರಿಲ್, ಮೇ ಎರಡೂ ತಿಂಗಳು 9,000 ದುಡಿದರೆ 3,000ದ ಮೇಲಿನ 6,000ದಂತೆ 12,000 ಸಿಗುತ್ತದೆ, ಹಳ್ಳ ಮುಚ್ಚುತ್ತದೆ. ಅಂಥ ಆದಾಯ ಇಲ್ಲದವರು ಮೇ ತಿಂಗಳಲ್ಲೇ ಶಾಲೆಯ ಕಚೇರಿಗೆ ಹೋಗಿ ಫೀಯನ್ನು ಮೂರು ಕಂತು ಮಾಡಿಕೊಡಲು ಕೇಳಿ. ಗಡುವು ಮುಗಿದ ಮೇಲೆ ಕೇಳುವುದಕ್ಕಿಂತ ಮುಂಚೆ ಕೇಳಿದವರಿಗೆ ಒಪ್ಪಿಗೆ ಸಿಗುವುದು ಸುಲಭ. ಬೋನಸ್, ಪಿಎಲ್‌ಐ (ಕೆಲಸದ ಸಾಧನೆ ನೋಡಿ ಕೊಡುವ ಪ್ರೋತ್ಸಾಹಧನ), ಎರಿಯರ್ಸ್ ಏನಾದರೂ ಬರುವುದಿದ್ದರೆ ಮೊದಲ ವರ್ಷ ಅದು ಈ ಖಾತೆಗೇ ಮೀಸಲು.

ಜೂನ್ ದಾಟಿದ ಮೇಲೆ ದಾರಿ ಸಲೀಸು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬಂದ 36,000ದಲ್ಲಿ ಗೌರಿ-ಗಣೇಶಕ್ಕೂ ಆರೋಗ್ಯ ವಿಮೆಗೂ 24,000 ಹೋದರೆ 12,000 ಉಳಿಯುತ್ತದೆ. ಅಕ್ಟೋಬರ್, ನವೆಂಬರ್ ಸೇರಿ 36,000. ನವೆಂಬರ್‌ನ ಫೀ ಮತ್ತು ದೀಪಾವಳಿಗೆ 35,000. ಖಾತೆಯಲ್ಲಿ ಬರೀ 1,000 ಕಂಡು ಹೆದರಬೇಕಿಲ್ಲ. ಡಿಸೆಂಬರ್‌ನಿಂದ ಅದು ಮತ್ತೆ ತುಂಬುತ್ತದೆ. ಹೀಗೆ ಹನ್ನೆರಡೂ ತಿಂಗಳ ಜಮಾ, ಖರ್ಚು, ಶಿಲ್ಕು ಎಂದು ಮೂರು ಕಾಲಮ್ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಶಿಲ್ಕು ಯಾವ ತಿಂಗಳಲ್ಲಾದರೂ ಸೊನ್ನೆಗಿಂತ ಕೆಳಗಿಳಿದರೆ ಆ ತಿಂಗಳ ಯಾವ ಖರ್ಚನ್ನು ಮುಂದೂಡಬಹುದೆಂದು ಈಗಲೇ ತೀರ್ಮಾನಿಸಿ.

ಹಂತ 4: ತಿಂಗಳ ಲೆಕ್ಕ

ವರ್ಷದ 12,000 ತೆಗೆದಿಟ್ಟರೆ ಉಳಿಯುವುದು 37,000. ಇದರಲ್ಲಿ ಕಟ್ಟಲೇಬೇಕಾದವು: ಬಾಡಿಗೆ 9,500, ಬೈಕಿನ ಇಎಂಐ 3,200, ಉಳಿತಾಯ 3,000, ಹಾಲು 2,200, ಅಜ್ಜನ ಮಾತ್ರೆ 1,600, ಮೊಬೈಲು-ಇಂಟರ್ನೆಟ್ 1,100, ಗ್ಯಾಸ್ 700, ನೀರು ಮತ್ತು ಕರೆಂಟು 500. ಒಟ್ಟು 21,800. ಉಳಿದ 15,200ರಲ್ಲಿ ದಿನಸಿಗೆ 6,000, ಗಂಡ-ಹೆಂಡತಿಗೆ ತಲಾ 800ರಂತೆ ಕೈಖರ್ಚು 1,600, ವಾರದ ಹಣ ವಾರಕ್ಕೆ 1,600ರಂತೆ 31 ದಿನದ ತಿಂಗಳಿಗೆ ಸುಮಾರು 7,100. ಕೊನೆಗೆ 500 ರೂಪಾಯಿ ಮಿಗುತ್ತದೆ. ಅದು ಎಲ್ಲಾದರೂ ಕೂದಲೆಳೆಯಷ್ಟು ತಪ್ಪಿದರೆ ತಡೆದುಕೊಳ್ಳಲು.

ಅಮೆರಿಕದಿಂದ ಬಂದ 50-30-20 ಸೂತ್ರ (ಅಗತ್ಯಕ್ಕೆ ಅರ್ಧ, ಆಸೆಗೆ ಶೇ 30, ಉಳಿತಾಯಕ್ಕೆ ಶೇ 20) ಇಲ್ಲಿ ಹೊಂದುವುದಿಲ್ಲ. 49,000ದ ಶೇ 30 ಅಂದರೆ 14,700. ಐವರಿರುವ ಈ ಮನೆಯಲ್ಲಿ ಆಸೆಗೆ ಅಷ್ಟು ಸಿಗುವ ಮಾತೇ ಇಲ್ಲ. ಮುಯ್ಯಿ ಅಗತ್ಯವೋ ಆಸೆಯೋ ಎಂದು ಆ ಸೂತ್ರ ಹೇಳುವುದೂ ಇಲ್ಲ. ಬಿಡಿ.

ಕೈಖರ್ಚಿಗೆ ಯಾರೂ ಯಾರಿಗೂ ಲೆಕ್ಕ ಕೊಡಬೇಕಿಲ್ಲ, ಇದು ಕಟ್ಟುನಿಟ್ಟು. ಚಹಾ, ಸಿಗರೇಟು, ಲಿಪ್‌ಸ್ಟಿಕ್, ಗೆಳೆಯರ ಜೊತೆ ಮಿರ್ಚಿ-ಮಂಡಕ್ಕಿ ಯಾವುದಕ್ಕಾದರೂ ಆಗಲಿ. ಎರಡು ಕಡೆಯೂ ಮೊತ್ತ ಸಮ ಇರಬೇಕು, ಒಬ್ಬರ ಸಂಬಳ ಹೆಚ್ಚು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಇದನ್ನು ಬಿಟ್ಟ ಬಜೆಟ್‌ಗಳಲ್ಲಿ ದಿನಸಿಯ ದುಡ್ಡಿನಲ್ಲಿ ಗುಟ್ಟಾಗಿ ಉಳಿಸುವುದು, ಪೆಟ್ರೋಲಿನ ಲೆಕ್ಕದಲ್ಲಿ ಹೋಟೆಲ್ ಬಿಲ್ ಸೇರಿಸುವುದು ಶುರುವಾಗಿ ಅಂಕಿಗಳೇ ಸುಳ್ಳಾಗುತ್ತವೆ.

‘ಇತರೆ’ ಎಂಬ ಬಾಬ್ತು ಬೇಡವೇ ಬೇಡ. ಬರೆದರೆ ಅದು ಬೆಳೆಯುತ್ತದೆ.

ಹಂತ 5: ಹಣ ಬೇರೆ ಬೇರೆ ಜಾಗದಲ್ಲಿ ಇರಲಿ

ಕಾಗದದ ಮೇಲಿನ ಬಜೆಟ್ ಉಳಿಯುವುದು ಖಾತೆಗಳಿಂದ. ಸಂಬಳದ ಖಾತೆಯಲ್ಲೇ ಎಲ್ಲ ಇದ್ದರೆ 10ನೇ ತಾರೀಕು 31,000 ಕಾಣುತ್ತದೆ, ಅದರಲ್ಲಿ 12,000 ಜೂನ್‌ನ ಫೀ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಮೂರು ಜಾಗ ಸಾಕು.

ಸಂಬಳದ ಖಾತೆಯಿಂದ ಬಾಡಿಗೆ, ಇಎಂಐ, ಬಿಲ್‌ಗಳು ಹೋಗಲಿ. ವರ್ಷದ ಖಾತೆ ಬೇರೆ ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ. ಅದಕ್ಕೆ ಯುಪಿಐ ಜೋಡಿಸಬೇಡಿ, ಎಟಿಎಂ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಸಂಬಳ 1ಕ್ಕೆ ಬರುವುದಾದರೆ 3ಕ್ಕೆ 12,000 ತಾನಾಗಿ ವರ್ಗವಾಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಡಿ. ಸಂಬಳ ಒಂದು ದಿನ ತಡವಾದರೂ ತೊಂದರೆಯಾಗದಿರಲೆಂದು ಎರಡು ದಿನದ ಅಂತರ. ಕನಿಷ್ಠ ಶಿಲ್ಕಿನ ದಂಡ ಇಲ್ಲದ ಖಾತೆ ಆರಿಸಿ: ಸ್ಟೇಟ್ ಬ್ಯಾಂಕ್ 2020ರಲ್ಲೇ ಆ ನಿಯಮ ತೆಗೆದಿದೆ, ಅಂಚೆ ಕಚೇರಿಯಲ್ಲಿ 500 ಇದ್ದರೆ ಸಾಕು. ಒಂದು ವರ್ಷದೊಳಗೆ ಬೇಕಾಗುವ ಈ ಹಣವನ್ನು ಹೆಚ್ಚು ಬಡ್ಡಿಯ ಆಸೆಗೆ ಷೇರು ಅಥವಾ ಈಕ್ವಿಟಿ ಮ್ಯೂಚುಯಲ್ ಫಂಡ್‌ಗೆ ಹಾಕಬಾರದು. ಫೀ ಕಟ್ಟುವ ವಾರವೇ ಮಾರುಕಟ್ಟೆ ಬಿದ್ದಿದ್ದರೆ ಕಾಯಲು ಶಾಲೆ ಬಿಡುವುದಿಲ್ಲ.

ಸಹಕಾರಿ ಸಂಸ್ಥೆಗಳಲ್ಲಿ ಇಡುವವರಿಗೆ ಒಂದು ಮಾತು. ಬ್ಯಾಂಕುಗಳ ಠೇವಣಿಗೆ, ಪಟ್ಟಣ ಸಹಕಾರಿ ಬ್ಯಾಂಕುಗಳೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ, ಪತ್ತಿನ ಸೌಹಾರ್ದಗಳಿಗೆ ಆ ವಿಮೆ ಇಲ್ಲ. ಬಡ್ಡಿ ಒಂದೂವರೆ ಪರ್ಸೆಂಟ್ ಜಾಸ್ತಿ ಸಿಕ್ಕರೂ ಮಕ್ಕಳ ಫೀ ಅಲ್ಲಿ ಇಡಬೇಡಿ.

ಮೂರನೆಯದು ವಾರದ ಹಣ. ಯುಪಿಐ ಲೈಟ್, ಅಂದರೆ ಯುಪಿಐ ಆ್ಯಪ್ ಒಳಗಿನ ಚಿಕ್ಕ ಪರ್ಸು, ಇದಕ್ಕೆ ಹೇಳಿ ಮಾಡಿಸಿದಂತಿದೆ: ಹೆಚ್ಚೆಂದರೆ 5,000 ತುಂಬಬಹುದು, ಒಂದು ಪಾವತಿ 1,000ದವರೆಗೆ, ಪಿನ್ ಒತ್ತಬೇಕಿಲ್ಲ. ಪ್ರತಿ ಸೋಮವಾರ, ಅಥವಾ ನಿಮ್ಮೂರ ಸಂತೆಯ ದಿನ, 1,600 ತುಂಬಿ. ತರಕಾರಿ-ಹಣ್ಣು 650, ಮೊಟ್ಟೆ-ಕೋಳಿ-ಮೀನು 350, ಪೆಟ್ರೋಲ್ 300, ಆಟೋ, ಹೂವು, ತಿಂಡಿ, ಚಿಲ್ಲರೆ 300. ಹಣ ಮುಗಿದರೆ ಫೋನೇ ಹೇಳುತ್ತದೆ. ಮೊದಲು ಹೇಳಿದ ಚಿಕ್ಕ ಮೊತ್ತಗಳ ಗೋಜಲು ಇಲ್ಲಿ ತೀರುತ್ತದೆ. ಸೊಪ್ಪಿಗೆ 20, ಬಾಳೆಹಣ್ಣಿಗೆ 60 ಎಂದು ಬರೆಯುವ ಅಗತ್ಯವೇ ಇಲ್ಲ, 1,600ರೊಳಗೆ ಮುಗಿಯಿತೇ ಎಂಬುದಷ್ಟೇ ಪ್ರಶ್ನೆ. ಆದರೆ ಆಟೋ ಟಾಪ್-ಅಪ್ ಆಯ್ಕೆಯನ್ನು ಖಂಡಿತ ಆಫ್ ಮಾಡಿ. ಅದು ಆನ್ ಇದ್ದರೆ ಖಾಲಿಯಾದ ತಕ್ಷಣ ತಾನೇ ತುಂಬಿಕೊಳ್ಳುತ್ತದೆ, ಮಿತಿ ಇಟ್ಟ ಉದ್ದೇಶವೇ ಹಾಳು. ಪಿನ್ ಇಲ್ಲದ ಕಾರಣ ಫೋನಿಗೆ ಸ್ಕ್ರೀನ್ ಲಾಕ್ ಬೇಕೇ ಬೇಕು. ಮನೆಯಲ್ಲಿ ಇಬ್ಬರೂ ಖರ್ಚು ಮಾಡುವುದಾದರೆ ತಲಾ ಎಷ್ಟೆಂದು ಸೋಮವಾರವೇ ಹಂಚಿಕೊಳ್ಳಿ. ಫೋನಿನ ಗೊಡವೆ ಬೇಡವೆನ್ನುವವರಿಗೆ ಲಕೋಟೆಯಲ್ಲಿ ನಗದು ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಹಂತ 6: ದಿನಸಿ, ಗ್ಯಾಸ್, ಕರೆಂಟು

ದಿನಸಿಯ 6,000 ಎಲ್ಲಿಂದ ಬಂತು? ಅಂಗಡಿಯ ಬಿಲ್ಲಿನಿಂದ ಲೆಕ್ಕ ಹಾಕಿದರೆ ಕೊಂಡದ್ದು ಗೊತ್ತಾಗುತ್ತದೆ, ಬಳಸಿದ್ದು ಗೊತ್ತಾಗುವುದಿಲ್ಲ. ಒಂದು ಮಾರ್ಕರ್ ಪೆನ್ ಅಡುಗೆಮನೆಯಲ್ಲಿಡಿ. ಅಕ್ಕಿ ಮೂಟೆ, ಎಣ್ಣೆ ಕ್ಯಾನು, ಬೇಳೆ, ಸಕ್ಕರೆ, ಕಾಫಿಪುಡಿ, ಡಿಟರ್ಜೆಂಟ್ ಯಾವುದನ್ನೇ ಒಡೆದರೂ ಆ ದಿನದ ತಾರೀಕನ್ನು ಪ್ಯಾಕೆಟ್ಟಿನ ಮೇಲೆ ಬರೆಯಿರಿ. ಎರಡು ತಿಂಗಳಾದ ಮೇಲೆ 25 ಕಿಲೋ ಅಕ್ಕಿ 38 ದಿನ ಬಂತು, 5 ಲೀಟರ್ ಎಣ್ಣೆ 41 ದಿನ ಬಂತು ಎಂದು ಸ್ಪಷ್ಟವಾಗುತ್ತದೆ. ಅಂದರೆ ಅಕ್ಕಿ ತಿಂಗಳಿಗೆ ಸುಮಾರು 20 ಕಿಲೋ, ಎಣ್ಣೆ ಸುಮಾರು 3.7 ಲೀಟರ್. ಇದೇ ನಿಮ್ಮ ದಿನಸಿ ಚೀಟಿ. ತಿಂಗಳ ಕೊನೆಯಲ್ಲಿ ಡಬ್ಬಿಗಳಲ್ಲಿ ಉಳಿದದ್ದನ್ನು ನೋಡಿ ಅಷ್ಟನ್ನು ಕಡಿಮೆ ಬರೆಯಿರಿ. ಬೆಲೆ ಹೋಲಿಸುವಾಗ ಪ್ಯಾಕೆಟ್ ಬೆಲೆ ನೋಡದೆ ಕಿಲೋ ದರ ನೋಡಿ. ಒಂದೇ ಬೆಲೆಯಲ್ಲಿ 500 ಗ್ರಾಂ ಇದ್ದದ್ದು 450 ಆಗಿರುವುದು ಆಗ ತಿಳಿಯುತ್ತದೆ.

ಗ್ಯಾಸಿಗೂ ಅದೇ ಉಪಾಯ. 14.2 ಕಿಲೋ ಸಿಲಿಂಡರ್ 40 ದಿನ ಬಂದರೆ ವರ್ಷಕ್ಕೆ ಒಂಬತ್ತು. ಒಂಬತ್ತರ ಬೆಲೆಯನ್ನು ಹನ್ನೆರಡರಿಂದ ಭಾಗಿಸಿ ಬರೆದರೆ ಕೊಳ್ಳದ ತಿಂಗಳಲ್ಲೂ ಹಣ ಬದಿಗೆ ಉಳಿಯುತ್ತದೆ.

ಕರೆಂಟಿನಲ್ಲಿ ಗೃಹಜ್ಯೋತಿ ಇರುವ ಮನೆಗಳು ಒಂದು ಗೆರೆಯನ್ನು ಮರೆಯಬಾರದು. ನಿಮಗೆ ಮಂಜೂರಾದ ಉಚಿತ ಯೂನಿಟ್‌ಗಳು ಬಿಲ್ಲಿನಲ್ಲೇ ಇರುತ್ತವೆ. 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚು (ಸಾಮಾನ್ಯವಾಗಿ ಶೇ 10) ಸೇರಿಸಿದ ಮೊತ್ತ ಅದು. ಅದಕ್ಕಿಂತ ಹೆಚ್ಚು, ಆದರೆ 200ರೊಳಗೆ ಬಳಸಿದರೆ ಹೆಚ್ಚಿನ ಯೂನಿಟ್‌ಗಷ್ಟೇ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 198ಕ್ಕೂ 203ಕ್ಕೂ ನಡುವೆ ಸಾವಿರಕ್ಕೂ ಹೆಚ್ಚು ರೂಪಾಯಿ ವ್ಯತ್ಯಾಸ ಬರುವುದು ಹೀಗೆ. ರೀಡಿಂಗ್ ಆಗಿ 20 ದಿನವಾದಾಗ ಮೀಟರ್ ನೋಡಿ. ಹಿಂದಿನ ರೀಡಿಂಗ್ ಕಳೆದು 130 ದಾಟಿದ್ದರೆ ಉಳಿದ ಹತ್ತು ದಿನ ಗೀಸರ್ ಮೇಲೆ ಕಣ್ಣಿಡಿ: 2 ಕಿಲೋವಾಟ್ ಗೀಸರ್ ಅರ್ಧ ಗಂಟೆಗೆ ಒಂದು ಯೂನಿಟ್ ಕುಡಿಯುತ್ತದೆ. ಮನೆ ಬದಲಿಸಿದ ಬಾಡಿಗೆದಾರರು ಹಳೆಯ ಮೀಟರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸುವವರೆಗೆ ಪೂರ್ತಿ ಬಿಲ್ ಬರುತ್ತದೆಂದೇ ಲೆಕ್ಕ ಹಿಡಿಯಬೇಕು.

ಹಂತ 7: ಸಾಲ ಇದ್ದರೆ

ಎಲ್ಲ ಸಾಲಗಳ ಬಡ್ಡಿಯನ್ನು ವಾರ್ಷಿಕ ದರಕ್ಕೆ ತಂದು ಒಂದು ಹಾಳೆಯಲ್ಲಿ ಬರೆಯಿರಿ. ‘ಮೂರು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಶೇ 36. ‘ಐದು ರೂಪಾಯಿ’ ಅಂದರೆ ಶೇ 60. ಬಾಯಲ್ಲಿ ಸಣ್ಣದಾಗಿ ಕೇಳುತ್ತದೆ, ಹಾಳೆಯಲ್ಲಿ ಬರೆದಾಗ ಗೊತ್ತಾಗುತ್ತದೆ.

ಕ್ರೆಡಿಟ್ ಕಾರ್ಡ್‌ನ ‘ಮಿನಿಮಮ್ ಡ್ಯೂ’ ಹೇಗೆ ಕೆಲಸ ಮಾಡುತ್ತದೆಂದು ನೋಡಿ. 30,000 ಬಾಕಿ, ತಿಂಗಳಿಗೆ ಶೇ 3.5 ಬಡ್ಡಿ ಎಂದುಕೊಳ್ಳಿ. ಬಡ್ಡಿ 1,050, ಅದರ ಮೇಲೆ ಶೇ 18 ಜಿಎಸ್‌ಟಿ 189, ಒಟ್ಟು 1,239. ನೀವು ಶೇ 5ರಂತೆ 1,500 ಕಟ್ಟಿದರೆ ಅಸಲಿಗೆ ಹೋಗುವುದು 261. ಪೂರ್ತಿ ಕಟ್ಟದ ಕಾರಣ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಮನೆಯಲ್ಲಿ ಚಿನ್ನವಿದ್ದರೆ ಬ್ಯಾಂಕಿನಲ್ಲಿ ಅಡವಿಟ್ಟು ಈ ಬಾಕಿ ಒಮ್ಮೆಗೇ ತೀರಿಸುವುದು ಎಷ್ಟೋ ಅಗ್ಗ. ಆದರೆ ಕಾರ್ಡನ್ನು ಅದೇ ದಿನ ಬೀರುವಿಗೆ ಹಾಕದಿದ್ದರೆ ಆರು ತಿಂಗಳಲ್ಲಿ ಎರಡೂ ಸಾಲ ಇರುತ್ತವೆ.

ಸ್ವಸಹಾಯ ಸಂಘದ, ಮೈಕ್ರೋಫೈನಾನ್ಸ್‌ನ ವಾರದ ಕಂತು ತಿಂಗಳ ಲೆಕ್ಕದಲ್ಲಿ ನಾಲ್ಕು ಸಲ ಬರುತ್ತದೆಂದು ಬರೆಯಬೇಡಿ. ವರ್ಷಕ್ಕೆ 52 ವಾರ, ಐದು ಕಂತು ಬೀಳುವ ತಿಂಗಳುಗಳೂ ಇರುತ್ತವೆ. ಚೀಟಿಯನ್ನು ಉಳಿತಾಯ ಎಂದು ಬರೆಯುವ ಅಭ್ಯಾಸವೂ ಇದೆ. ಹರಾಜಿನಲ್ಲಿ ಕೂಗಿ ಎತ್ತಿದ ಮೇಲೆ ಅದು ಸಾಲ. ಹಣ ಬೇಗ ಸಿಗಲೆಂದು ಬಿಟ್ಟುಕೊಟ್ಟ ಮೊತ್ತವೇ (ಕಸರು) ಬಡ್ಡಿ. 1982ರ ಚಿಟ್ ಫಂಡ್ಸ್ ಕಾಯ್ದೆಯಡಿ ನೋಂದಣಿಯಾದ ಚೀಟಿಗೆ ಮಾತ್ರ ಹಣ ಕಟ್ಟಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚಿಟ್ ಫಂಡ್ ನಡೆಸುತ್ತದೆ. ಬೀದಿಯ ಚೀಟಿ ಮುಳುಗಿದರೆ ಕೈಯಲ್ಲಿ ಒಂದು ಕಾಗದವೂ ಇರುವುದಿಲ್ಲ.

ಆಪತ್ಕಾಲದ ಹಣ ಎಷ್ಟು ಬೇಕು? ಹಬ್ಬ, ಮುಯ್ಯಿ, ಉಳಿತಾಯ, ಕೈಖರ್ಚು ಬಿಟ್ಟು ಈ ಮನೆ ನಡೆಯಲು ತಿಂಗಳಿಗೆ ಸುಮಾರು 40,000 ಬೇಕು. ಮೂರು ತಿಂಗಳದ್ದು 1,20,000. ತಿಂಗಳಿಗೆ 3,000 ಹಾಕಿದರೆ 40 ತಿಂಗಳು. ದೂರದ ಗುರಿಯಂತೆ ಕಂಡರೆ ಮೊದಲು 40,000 ಮುಟ್ಟಿಸಿ, ಅದಕ್ಕೆ 14 ತಿಂಗಳೊಳಗೇ ಸಾಕು. ಅಲ್ಲಿಯವರೆಗೆ ಎಸ್‌ಐಪಿ (ಮ್ಯೂಚುಯಲ್ ಫಂಡಿಗೆ ತಿಂಗಳ ಕಂತು) ಬೇಡ. ಅಜ್ಜನಿಗೆ ವಿಮೆ ಇಲ್ಲದ ಈ ಮನೆಗಂತೂ ಇದೇ ಮೊದಲ ಉಳಿತಾಯ.

ಹಂತ 8: ಭಾನುವಾರದ ಹದಿನೈದು ನಿಮಿಷ

ನೋಟ್‌ಬುಕ್ಕಿನಲ್ಲಿ ತಿಂಗಳಿಗೆ ಒಂದು ಪುಟ, ನಾಲ್ಕು ಕಾಲಮ್: ವಾರದ ಹಣ, ದಿನಸಿ, ಬಿಲ್‌ಗಳು, ವರ್ಷದ ಖಾತೆಯ ಶಿಲ್ಕು. ಎಸ್‌ಎಂಎಸ್ ಓದಿ ತಾನೇ ಲೆಕ್ಕ ಹಾಕುವ ಆ್ಯಪ್‌ಗಳಿವೆ. ಅವು ಎಲ್ಲ ಬ್ಯಾಂಕ್ ಸಂದೇಶಗಳಿಗೆ ಅನುಮತಿ ಕೇಳುತ್ತವೆ, ಅದೂ ಅಲ್ಲದೆ ಖರ್ಚಾದ ಮೇಲೆ ಚಂದದ ಚಿತ್ರ ತೋರಿಸುತ್ತವೆ. ಪುಸ್ತಕವಾದರೆ ಮನೆಯವರೆಲ್ಲ ನೋಡುತ್ತಾರೆ.

ಗುರುವಾರವೇ ವಾರದ ಹಣ ಮುಗಿದರೆ ಮುಂದಿನ ವಾರದಿಂದ ತೆಗೆದು ‘ಮುಂಗಡ 300’ ಎಂದು ಬರೆಯಿರಿ, ಸೋಮವಾರ 1,300 ಮಾತ್ರ ತುಂಬಿ. ಒಂದು ವಾರ ಹೀಗಾದರೆ ಸಹಜ. ಸತತ ಮೂರು ವಾರ ಆದರೆ ತಪ್ಪು ನಿಮ್ಮದಲ್ಲ, 1,600 ಎಂಬ ಅಂಕಿಯದು. ಅದನ್ನು 1,750 ಮಾಡಿ, ತಿಂಗಳಿಗೆ ತಗಲುವ ಸುಮಾರು 650 ಎಲ್ಲಿಂದ ಬರುತ್ತದೆಂದು ಅದೇ ಭಾನುವಾರ ಕೂತು ನಿರ್ಧರಿಸಿ. ಬರೀ ಬಿಗಿ ಹಿಡಿಯಲು ಹೋದರೆ ನಾಲ್ಕನೇ ವಾರ ಪುಸ್ತಕವೇ ಕಾಣೆಯಾಗುತ್ತದೆ.

ಇಎಂಐ ತಾರೀಕು ಸಂಬಳಕ್ಕಿಂತ ಮುಂಚೆ ಇದ್ದರೆ ಬ್ಯಾಂಕಿಗೆ ಅರ್ಜಿ ಕೊಟ್ಟು ಬದಲಿಸಿಕೊಳ್ಳಿ. ಒಂದು ಕಂತು ಬೌನ್ಸ್ ಆದರೆ ನಿಮ್ಮ ಬ್ಯಾಂಕೂ ಸಾಲ ಕೊಟ್ಟವರೂ ಇಬ್ಬರೂ ದಂಡ ಹಾಕುತ್ತಾರೆ. ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯನ್ನು ತಿಂಗಳಿಗೊಮ್ಮೆ ತೆರೆದು ನೋಡಿ, ನೋಡದ ಒಟಿಟಿ, ಮುಗಿದ ಟ್ಯೂಷನ್ ಆ್ಯಪ್ ರದ್ದು ಮಾಡಿ. 15,000ದವರೆಗಿನ ಇಂಥ ಕಡಿತಕ್ಕೆ ಪ್ರತಿ ಸಲ ಪಿನ್ ಕೇಳುವುದಿಲ್ಲ. 24 ಗಂಟೆ ಮುಂಚೆ ಒಂದು ಸಂದೇಶ ಬರುತ್ತದೆ, ಅದು ಜಾಹೀರಾತುಗಳ ನಡುವೆ ಕಳೆದುಹೋಗುತ್ತದೆ.

ನೆಂಟರು, ಗೆಳೆಯರು ಸಾಲ ಕೇಳಿದಾಗ ಇಲ್ಲವೆನ್ನುವುದು ಕಷ್ಟ. ಅದಕ್ಕೆಂದೇ ಒಂದು ಮಿತಿಯನ್ನು, ಉದಾಹರಣೆಗೆ ವರ್ಷಕ್ಕೆ 5,000, ಗಂಡ-ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರೆ ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂಬ ಮಾತಿಗೆ ಬೆನ್ನೆಲುಬು ಇರುತ್ತದೆ. ಹೊಲಿಗೆಯ ಹೆಚ್ಚುವರಿ ವರ್ಷದ ಖಾತೆಗೆ ಹೋಗುವ ಮುಂಚೆಯೇ ಅದರಿಂದ ಈ ಹಣ ತೆಗೆದಿಡಿ, ಖಾತೆಗೆ ಹೋದದ್ದನ್ನು ಮುಟ್ಟಬೇಡಿ.

ಹಂತ 9: ಮಾರ್ಚ್‌ನಲ್ಲಿ ಮತ್ತೆ

ಮಾರ್ಚ್ ಕೊನೆಯ ಭಾನುವಾರ ವರ್ಷದ ಪಟ್ಟಿಯನ್ನು ಹೊಸದಾಗಿ ಬರೆಯಿರಿ. ಕಳೆದ ವರ್ಷದ ಅಂದಾಜಿನ ಪಕ್ಕದಲ್ಲೇ ನಿಜವಾಗಿ ಆದ ಖರ್ಚನ್ನೂ ಬರೆದರೆ ಎಲ್ಲಿ ತಪ್ಪಿದಿರೆಂದು ಕಾಣುತ್ತದೆ. ದೀಪಾವಳಿಗೆ 9,000 ಬರೆದು 13,000 ಆಗಿದ್ದರೆ ಈ ಸಲ 13,000 ಎಂದೇ ಬರೆಯಿರಿ, ಇಲ್ಲವೇ ಯಾವುದನ್ನು ಬಿಡುವುದೆಂದು ಹೆಸರಿಟ್ಟು ಹೇಳಿ. ಶಾಲೆಯಿಂದ ಹೊಸ ಫೀ ಪಟ್ಟಿ ತರಿಸಿಕೊಳ್ಳಿ. ಶೇ 8 ಏರಿದ್ದರೆ 52,000 ಈಗ 56,160, ಅಂದರೆ ವರ್ಷದ ಖಾತೆಗೆ ತಿಂಗಳಿಗೆ 347 ಹೆಚ್ಚು ಬೇಕು. ತಿಂಗಳ ಕೊನೆಗೆ ಮಿಗುತ್ತಿದ್ದ 500ರಲ್ಲಿ ಅದು ಹಿಡಿಸುತ್ತದೆ. ಅದೇ ವರ್ಷ ಬಾಡಿಗೆಯೂ ಶೇ 5 ಏರಿದರೆ ಇನ್ನೊಂದು 475 ಬೇಕು, ಅದು ಹಿಡಿಸುವುದಿಲ್ಲ. ಸಂಬಳ ಏರಿದರೆ ಅಲ್ಲಿಂದ, ಏರದಿದ್ದರೆ ಉಳಿತಾಯದ 3,000ವನ್ನು ಬೈಕಿನ ಸಾಲ ಮುಗಿಯುವವರೆಗೆ 2,600ಕ್ಕೆ ಇಳಿಸಿ. ಆ ಸಾಲ ಮುಗಿದ ತಿಂಗಳಿಂದ 3,200 ಬಿಡುವಾಗುತ್ತದೆ. ಅದನ್ನು ಎಲ್ಲಿಗೆ ಹಾಕಬೇಕೆಂದು ಕೊನೆಯ ಕಂತಿನ ಮುಂಚೆಯೇ ಪುಸ್ತಕದಲ್ಲಿ ಬರೆದಿಡಿ, ಇಎಂಐ ಹೋಗುತ್ತಿದ್ದ ತಾರೀಕಿಗೇ ಹೊಸ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ.